ಮೂವತ್ತನಾಲ್ಕು ಅಂಕದ ಸಾಕ್ಷಿ

ದುಂಡವ್ವ ಗುಂಡಿ ಒತ್ತುತ್ತಿರಲಿಲ್ಲ. ನನಗೆ ಅದೇ ಸಿಟ್ಟು.

ಗಾಜಿನ ಆಚೆ, ಹೊರಗಿನ ಸದ್ದು ನುಸುಳದ ಪುಟ್ಟ ಕೋಣೆಯಲ್ಲಿ, ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿಕೊಂಡು ಅವರು ನೆಟ್ಟಗೆ ಕೂತಿದ್ದರು. ಯಂತ್ರ ತನ್ನ ಪಾಡಿಗೆ ತಾನು ಶಿಳ್ಳೆ ಕಳಿಸುತ್ತಿತ್ತು. ಮೊದಲು ದಪ್ಪ ಸ್ವರ, ಆಮೇಲೆ ತೆಳು ಸ್ವರ, ಒಂದೊಂದನ್ನೂ ಮೆಲ್ಲಗೆ, ಇನ್ನೂ ಮೆಲ್ಲಗೆ. ಕೇಳಿಸಿದ ಕೂಡಲೇ ಕೈಯಲ್ಲಿರುವ ಗುಂಡಿ ಒತ್ತಬೇಕು, ಅಷ್ಟೇ. ದುಂಡವ್ವನವರ ಹೆಬ್ಬೆರಳು ಗುಂಡಿಯ ತನಕ ಬರುತ್ತಿತ್ತು, ತಡೆಯುತ್ತಿತ್ತು, ಹಿಂದೆ ಸರಿಯುತ್ತಿತ್ತು. ಮೂರು ನಿಮಿಷ ಮುಗಿದಾಗ ಪರದೆಯ ಮೇಲೆ ಕೆಂಪಕ್ಷರದಲ್ಲಿ ಅಂಕ ಬಂತು. ಮೂವತ್ತನಾಲ್ಕು.

ಬಾಗಿಲಲ್ಲಿ ನಿಂತಿದ್ದ ದಾನೇಶ್ವರಿ ಅದನ್ನು ನನಗಿಂತ ಮೊದಲು ಓದಿದಳು. ಇಪ್ಪತ್ತೆರಡರ ಹುಡುಗಿ. ಬಲಗೈ ಮಣಿಕಟ್ಟಿನಿಂದ ಮುಂದೆ ಇರಲಿಲ್ಲ. ಆ ತುದಿಯನ್ನು ಓಢಣಿಯಲ್ಲಿ ಸುತ್ತಿಕೊಂಡಿದ್ದಳು.

"ಅರವತ್ತ ಬೇಕಲ್ರೀ ಮೇಡಂ?" ಎಂದಳು.

"ಬೇಕು."

"ಮತ್ತ ಈಗ ಏನ ಮಾಡೂದ್ರೀ?"

ಏನು ಮಾಡುವುದು ಎಂದು ನನಗೂ ಗೊತ್ತಿರಲಿಲ್ಲ. ಗೊತ್ತಿತ್ತು ಎಂದರೂ ಸುಳ್ಳಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಎಪ್ಪತ್ತೊಂದು ದಿನದ ಹಿಂದೆ ನಡೆದದ್ದು ಇಷ್ಟು. ಬನಹಟ್ಟಿಯಲ್ಲಿ ಗುರುಸಿದ್ದಪ್ಪ ಕುಡಚಿಯವರ ಶೆಡ್ಡು, ಒಳಗೆ ಅರವತ್ತು ವಿದ್ಯುತ್ ಮಗ್ಗ. ದಾನೇಶ್ವರಿಯ ಮಗ್ಗದ ಹಲ್ಲಿನ ಗಾಲಿಗೆ ಇರಬೇಕಾದ ಮುಚ್ಚಳ ಯಾವತ್ತೋ ಬಿಚ್ಚಿಹೋಗಿತ್ತು. ಆ ಗಾಲಿಗೆ ನೂಲು ಸುತ್ತಿಕೊಂಡಿತು. ಮಗ್ಗ ನಿಲ್ಲಿಸಲೇ ಎಂದು ಅವಳು ಮಾಲೀಕರ ಮುಖ ನೋಡಿದಳು. ಮಾಲೀಕರು "ಮಗ್ಗ ನಿಂದ್ರಸಬ್ಯಾಡ, ಹಂಗ ಕೈ ಹಾಕಿ ತಗಿ" ಅಂದರು. ಅವಳು ಹಾಕಿದಳು. ಪಕ್ಕದ ಮಗ್ಗದಲ್ಲಿದ್ದ ದುಂಡವ್ವ ಆ ಮಾತು ತಮಗೂ ತಿಳಿಯಿತು ಎನ್ನುತ್ತಾರೆ. ಮಾಲೀಕರು ಮಾತ್ರ, ನಿಂದ್ರಸಿ ತಗಿ ಅಂದಿದ್ದೆ, ಹುಡುಗಿ ಕೇಳಲಿಲ್ಲ ಎನ್ನುತ್ತಾರೆ. ಅದನ್ನು ಕಿವಿಯಾರೆ ಕೇಳಿದ್ದೇನೆ ಎಂದು ಜಾಬರ್ ಲಕ್ಕಪ್ಪ, ಅಂದರೆ ಮಗ್ಗ ರಿಪೇರಿ ಮಾಡುವ ಮೇಸ್ತ್ರಿ, ಬರೆದುಕೊಟ್ಟಿದ್ದಾನೆ. ಮಿಕ್ಕವರು ಆಗ ಆ ಕಡೆ ಬೆನ್ನು ಹಾಕಿದ್ದರು.

ಮಾಲೀಕರ ಆಜ್ಞೆಯಿಂದ ಕೈ ಹೋಗಿದ್ದರೆ ಸರ್ಕಾರ ಯಂತ್ರದ ಕೈ ಕೂಡಿಸಿಕೊಡುತ್ತದೆ. ಬೆರಳು ಮಡಚುತ್ತದೆ, ಬಿಸಿ ತಣ್ಣಗೆ ತಿಳಿಯುತ್ತದೆ. ಸ್ವಂತ ಅಜಾಗರೂಕತೆ ಎಂದಾದರೆ ಏನೂ ಇಲ್ಲ. ಕೂಡಿಸುವುದಿದ್ದರೆ ತೊಂಬತ್ತು ದಿನದೊಳಗೆ ಕೂಡಿಸಬೇಕು, ಆಮೇಲೆ ನರದ ತುದಿಗಳು ಒಣಗಿಬಿಡುತ್ತವೆ. ಇನ್ನು ಉಳಿದದ್ದು ಹತ್ತೊಂಬತ್ತು ದಿನ. ಪೆಟ್ಟು ತಿಂದವಳ ಮಾತೊಂದೇ ಸಾಲದು, ಸಾಕ್ಷಿ ಬೇಕು. ಅರವತ್ತಕ್ಕಿಂತ ಕಡಿಮೆ ಅಂಕದವರು ಕೇಳಿದೆ ಎಂದು ಹೇಳುವ ಸಾಕ್ಷಿಯನ್ನು ದಾಖಲಿಸುವಂತೆಯೇ ಇಲ್ಲ. ಲಕ್ಕಪ್ಪನ ಅಂಕ ಎಂಬತ್ತೆಂಟು.

ಈ ಅಂಕದ ಪಾಪದಲ್ಲಿ ನನ್ನ ಪಾಲೂ ಇದೆ.

ಹನ್ನೊಂದು ವರ್ಷದ ಹಿಂದೆ, ನಾನಿನ್ನೂ ರಾಜಧಾನಿಯ ಪ್ರಯೋಗಾಲಯದಲ್ಲಿದ್ದಾಗ, ನಮ್ಮ ಮೇಜಿನ ಮೇಲೆ ಇದ್ದದ್ದು ಒಂದೇ ಪ್ರಶ್ನೆ. ಒಬ್ಬ ಮನುಷ್ಯನಿಗೆ ನೂರು ಮಾತು ಹೇಳಿದರೆ ಎಷ್ಟು ತಿಳಿಯುತ್ತದೆ ಎಂಬುದನ್ನು, ಅವನಿಗೆ ಒಂದೇ ಒಂದು ಮಾತನ್ನೂ ಹೇಳದೆ ಕಂಡುಹಿಡಿಯಬಹುದಾದರೆ? ಮಾತು ಎನ್ನುವುದು ಒಂದೇ ಸ್ವರವಲ್ಲ. ಆ, ಓ, ಊ ಎಲ್ಲ ದಪ್ಪ ಸ್ವರದಲ್ಲಿರುತ್ತವೆ. ಸ, ಶ, ತ, ಕ ತೆಳು ಸ್ವರದಲ್ಲಿ. ಯಾವ ಸ್ವರಕ್ಕೆ ಮಾತಿನಲ್ಲಿ ಎಷ್ಟು ಪಾಲು ಎಂದು ಲೆಕ್ಕ ಹಾಕಿದೆವು. ಕಿವಿಗೆ ಆ ಸ್ವರ ಎಷ್ಟು ಕೇಳಿಸುತ್ತದೆ ಎಂಬುದನ್ನು ಶಿಳ್ಳೆಯ ಪರೀಕ್ಷೆ ಹೇಳುತ್ತದೆ. ಎರಡನ್ನೂ ಗುಣಿಸಿ ಕೂಡಿಸಿದರೆ ಅಂಕ. ಲಕ್ಷ ಜನರ ಮೇಲೆ ಹೋಲಿಸಿ ನೋಡಿದೆವು, ಸೂತ್ರ ಸರಿಯಾಗಿತ್ತು. ಈಗಲೂ ಹೇಳುತ್ತೇನೆ, ಸೂತ್ರ ಕೆಟ್ಟದ್ದಲ್ಲ.

ಕೆಟ್ಟದ್ದು ಆಮೇಲೆ ಆದದ್ದು. ಶ್ರವಣಾಂಕ ಮಂಡಳಿ ಹುಟ್ಟಿತು, ಊರೂರಿಗೆ ಕೇಂದ್ರ ಬಂತು, ಪ್ರತಿಯೊಬ್ಬರ ಗುರುತಿನ ಚೀಟಿಯ ಮೇಲೆ ಅಂಕ ಕೂತಿತು. ಮದುವೆಯ ಜಾಹೀರಾತಿನಲ್ಲಿ ನಕ್ಷತ್ರದ ಪಕ್ಕ ಅಂಕ. ಶಾಲೆಯಲ್ಲಿ ಎಪ್ಪತ್ತರ ಕೆಳಗಿನವರಿಗೆ ಮುಂದಿನ ಬೆಂಚು, ಅರವತ್ತರ ಕೆಳಗಿನವರಿಗೆ ಬೇರೆ ಶಾಲೆ. ಬೀದಿ ಜಗಳದಲ್ಲೂ "ನಿನ್ನ ಅಂಕ ಎಷ್ಟೈತಿ, ಮೊದಲ ಅದನ್ನ ಹೇಳು" ಎನ್ನುವುದು ರೂಢಿಯಾಯಿತು. ಕೇಳುವವರಿಗೆ ತಿಳಿಯಿತೋ ಇಲ್ಲವೋ ಎಂದು ವಿಚಾರಿಸುವ ಅಭ್ಯಾಸವೇ ಜನರಿಗೆ ಬಿಟ್ಟುಹೋಯಿತು.

ಮೊದಲು ಹಾಗಿರಲಿಲ್ಲ. ಮೊದಲು ನೇರ ಪರೀಕ್ಷೆ ಎಂದು ಒಂದಿತ್ತು. ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಹತ್ತು ಸಣ್ಣ ವಾಕ್ಯ ಓದುವುದು, ಏನು ತಿಳಿಯಿತು ಹೇಳಿ ಎನ್ನುವುದು. ಅದಕ್ಕೆ ಅರ್ಧ ಗಂಟೆ ಬೇಕು, ತಾಳ್ಮೆಯಿರುವ ಒಬ್ಬರು ಬೇಕು. ಸೂತ್ರವೇ ಅದೇ ಫಲವನ್ನು ಕೊಡುವುದರಿಂದ ನೇರ ಪರೀಕ್ಷೆ ಇನ್ನು ಅನಗತ್ಯ ಎಂದು ಒಂದು ವರದಿ ಹೇಳಿತು. ಮಂಡಳಿ ಅದನ್ನೇ ಸುತ್ತೋಲೆ ಮಾಡಿ, ಕಾನೂನಿನ ಪ್ರಮಾಣಪತ್ರಕ್ಕೆ ಯಾರಾದರೂ ನೇರ ಪರೀಕ್ಷೆ ಮಾಡಿದರೆ ಶಿಸ್ತುಕ್ರಮ ಎಂದು ಹೊರಡಿಸಿತು. ಆ ವರದಿ ಬರೆದವಳು ಇಂದುಮತಿ, ಅಂದರೆ ನಾನು. ಆ ಒಂದು ವಾಕ್ಯಕ್ಕೆ ನನಗೆ ಬಡ್ತಿ ಸಿಕ್ಕಿತ್ತು.

ದುಂಡವ್ವನವರಿಗೆ ಮೂವತ್ತನಾಲ್ಕು ಬಂದ ಆ ದಿನ ಮನೆಗೆ ಬಂದರೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಕುಕ್ಕರಿಗೆ ಅಕ್ಕಿ ಹಾಕಿ ನೀರು ಹಾಕಲು ಮರೆತೆ. ನನ್ನ ಗಂಡ ಪ್ರಾಣೇಶ ಇಲ್ಲಿನ ಕಾಲೇಜಿನಲ್ಲಿ ಭೂಗೋಳದ ಮೇಷ್ಟ್ರು. ಅವರ ಕೆಲಸದಿಂದಾಗಿಯೇ ಮಂಡ್ಯದ ಕಡೆಯ ನಾನು ಇಷ್ಟು ದೂರ ಬಂದು ಈ ಕೇಂದ್ರದ ಮುಖ್ಯಸ್ಥೆಯಾಗಿ ಕೂತದ್ದು. ಅವರ ಅಂಕ ತೊಂಬತ್ತೇಳು. ನಾನು ದಾನೇಶ್ವರಿಯ ಕತೆಯನ್ನು ಹೇಳುತ್ತಾ ಹೋದೆ. ಅವರು ನಕ್ಷೆಯೊಂದಕ್ಕೆ ಬಣ್ಣ ತುಂಬುತ್ತಾ "ಹೂಂ" ಎಂದರು, "ಹೌದೇನು" ಎಂದರು.

"ನಾನು ಏನು ಹೇಳಿದೆ ಈಗ?"

"ಕುಕ್ಕರ್ ಏನೋ ಸುಟ್ಟದಂತ," ಎಂದರು. ಅದೂ ವಾಸನೆಯಿಂದ ಗೊತ್ತಾದದ್ದು.

ಬನಹಟ್ಟಿಯ ಗಂಡಸರಿಗೆಲ್ಲ ಅಂಕ ಕೊಟ್ಟು, ಅವರ ಹೆಂಡಂದಿರ ಹತ್ತಿರ ಹೋಗಿ ವಿಚಾರಿಸಿದ್ದರೆ ನಮ್ಮ ಸೂತ್ರ ಅವತ್ತೇ ಗೋತಾ ಹೊಡೆಯುತ್ತಿತ್ತು.

ಮರುದಿನ ದುಂಡವ್ವನವರನ್ನು ಮತ್ತೆ ಕರೆಸಿದೆ. ಐವತ್ತಾರು ವರ್ಷ, ನಲವತ್ತು ವರ್ಷದ ಮಗ್ಗದ ಕೆಲಸ. ತೆಳು ಸ್ವರಗಳು ಅವರ ಕಿವಿಯಿಂದ ಎಂದೋ ಹೋಗಿವೆ, ಅದು ನನಗೂ ಗೊತ್ತು. ಆದರೆ ದಪ್ಪ ಸ್ವರದಲ್ಲೂ ಅಷ್ಟು ಕೆಳಗೆ ಬಿದ್ದದ್ದು ನನಗೆ ನಂಬಿಕೆಯಾಗಿರಲಿಲ್ಲ. ನನ್ನ ಲೆಕ್ಕಾಚಾರ ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವಂಥದ್ದು. ಯಂತ್ರದಿಂದಲೇ ಅರವತ್ತು ಬಂದರೆ ಹುಡುಗಿಗೆ ಕೈ ಬರುತ್ತದೆ, ನನ್ನ ವರದಿಯೂ ಉಳಿಯುತ್ತದೆ.

"ದುಂಡವ್ವಾ, ಕೇಳಿಸಿದರೂ ನೀವು ಯಾಕೆ ಒತ್ತೋದಿಲ್ಲ? ನಿಮ್ಮ ಬೆರಳು ಗುಂಡಿ ಹತ್ತಿರ ಬರೋದನ್ನ ನಾನು ನೋಡ್ತಾ ಇದ್ದೆ."

ಅವರು ನನ್ನ ಮುಖವನ್ನೇ ನೋಡುತ್ತಾ ಕೇಳಿಸಿಕೊಂಡರು. "ಖಾತ್ರಿ ಇಲ್ದ ಹೆಂಗ ಒತ್ತೂದ್ರೀ ಬಾಯಾರ? ಏನೋ ಕೇಳಿಸಿದಂಗ ಆತು ಅಂತ ಒತ್ತಿಬಿಟ್ರ?"

"ಒತ್ತಿದರೆ ಏನಾಗುತ್ತೆ?"

"ಏನಾಗ್ತೈತಿ ಅಂದ್ರ? ಗುಂಡಿ ಒತ್ತಿದ್ರ ಮಗ್ಗ ನಿಂದರ್ತೈತಿ! ಸುಳ್ಳ ಸುಳ್ಳ ಮಗ್ಗ ನಿಂದ್ರಸಿದ್ರ ಮಾಲಕರು ಸುಮ್ನ ಬಿಡ್ತಾರೇನು? ಎಳಿ ಹರದೈತಿ ಅಂತ ಕಣ್ಣಿಲೆ ಕಂಡ ಮ್ಯಾಲೇನ ಗುಂಡಿಗೆ ಕೈ ಹಚ್ಚಬೇಕು."

ನಾನು ಕುರ್ಚಿಗೆ ಒರಗಿದೆ. ಈ ಕೇಂದ್ರದಲ್ಲಿ ನಾಲ್ಕು ವರ್ಷದಿಂದ ಸಾವಿರಾರು ನೇಕಾರರ ಅಂಕ ಬರೆದಿದ್ದೇನೆ. ಅವರಲ್ಲಿ ಎಷ್ಟು ಜನ ಹೀಗೆ ಖಾತ್ರಿಗಾಗಿ ಕಾದು ಅಂಕ ಕಳೆದುಕೊಂಡರೋ, ಎಷ್ಟು ಮಕ್ಕಳು ಬೇರೆ ಶಾಲೆಗೆ ಹೋದವೋ.

"ಇದು ಮಗ್ಗ ಅಲ್ಲ. ಅನುಮಾನ ಬಂದರೂ ಒತ್ತಿ. ತಪ್ಪಾದರೆ ನಾನು ಬೈಯೋದಿಲ್ಲ," ಎಂದೆ.

ಎರಡನೆಯ ಸಲ ನಲವತ್ತೇಳು ಬಂತು. ಮೂರನೆಯ ಸಲವೂ ನಲವತ್ತೇಳೇ. ಮಂಡಳಿಗೆ ವಿವರವಾಗಿ ಬರೆದು, ನೇಕಾರರಿಗೆಲ್ಲ ಮರುಪರೀಕ್ಷೆ ಆಗಬೇಕು ಎಂದೆ. ಸಂಜೆಯೊಳಗೆ ಎರಡು ಸಾಲಿನ ಉತ್ತರ ಬಂತು. ಪರೀಕ್ಷೆಯ ಸೂಚನೆ ಎಲ್ಲರಿಗೂ ಒಂದೇ ಇರತಕ್ಕದ್ದು, ಮೊದಲ ಅಂಕವೇ ಅಂತಿಮ. ನಲವತ್ತೇಳೂ ಹೋಯಿತು, ಮತ್ತೆ ಮೂವತ್ತನಾಲ್ಕಕ್ಕೆ ಬಂದು ನಿಂತೆವು.

ನೇರ ಪರೀಕ್ಷೆ ಮಾಡಿಬಿಡು ಎಂದು ಒಳಗೆ ಒಂದು ದನಿ ಹೇಳುತ್ತಲೇ ಇತ್ತು. ಪ್ರಮಾಣಪತ್ರದ ನಮೂನೆಯಲ್ಲಿ ಅದರ ಅಂಕಣ ಈಗಲೂ ಇದೆ; ಸರ್ಕಾರಿ ನಮೂನೆಗೆ ಅಂಕಣ ಸೇರಿಸುತ್ತಾರೆ, ತೆಗೆಯುವುದಿಲ್ಲ. ಆದರೆ ಮಾಡಿದರೆ ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನಾನು ಬರೆದದ್ದು ತಪ್ಪು ಎಂದು ನಾನೇ ಸಹಿ ಹಾಕಿದಂತಾಗುತ್ತದೆ. ನಿಜ ಹೇಳಬೇಕೆಂದರೆ ನನಗೆ ಎರಡನೆಯದೇ ಹೆಚ್ಚು ಸಂಕಟವಾಗಿತ್ತು. ಒಂದು ಹುಡುಗಿಯ ಕೈಗಿಂತ ನನ್ನ ಜಂಬ ದೊಡ್ಡದಾಗಿ ಕಾಣುತ್ತಿದೆಯಲ್ಲ ಎಂದು ನಾಚಿಕೆಯೂ ಆಗುತ್ತಿತ್ತು. ಆದರೂ ಮಾಡಲಿಲ್ಲ.

ಬದಲಿಗೆ ಶೆಡ್ಡಿಗೆ ಹೋದೆ. ವರ್ಷಕ್ಕೊಮ್ಮೆ ಅಲ್ಲಿನ ಸದ್ದು ಅಳೆಯುವುದು ನಮ್ಮ ಕೇಂದ್ರದ ಕೆಲಸವೇ, ಯಾರೂ ಬೇಡ ಎನ್ನುವಂತಿಲ್ಲ. ಬಾಗಿಲು ದಾಟಿದ್ದೇ ತಡ, ಅರವತ್ತು ಮಗ್ಗಗಳ ಸದ್ದು ಎದೆಗೆ ಬಂದು ಹೊಡೆಯಿತು. ಅಳತೆಯಲ್ಲಿ ತೊಂಬತ್ತೆಂಟು ಡೆಸಿಬೆಲ್. ಜೊತೆಗೇ ಒಳಗೆ ಬಂದ ಕುಡಚಿಯವರು ನಗುತ್ತಾ ಏನೋ ಹೇಳಿದರು, ಒಂದಕ್ಷರ ತಿಳಿಯಲಿಲ್ಲ. ಅವರೂ ಹತ್ತು ವರ್ಷದವರಿದ್ದಾಗಿನಿಂದ ಮಗ್ಗದ ಮೇಲೆ ಬೆಳೆದವರು. ಶೆಡ್ಡಿನ ಆ ತುದಿಯಲ್ಲಿದ್ದ ಲಕ್ಕಪ್ಪನ ಕಡೆ ತಿರುಗಿ, ದನಿಯನ್ನೇ ಹೊರಡಿಸದೆ, ತುಟಿಯನ್ನಷ್ಟೇ ಅಲ್ಲಾಡಿಸಿದರು. ಲಕ್ಕಪ್ಪ ತಲೆಯಾಡಿಸಿ ಹೊರಗೆ ಹೋದ. ಎರಡು ನಿಮಿಷಕ್ಕೆ ನನಗೆ ಚಹಾ ಬಂತು, ಸಕ್ಕರೆ ಕಡಿಮೆ ಹಾಕಿದ್ದು. ಸಕ್ಕರೆ ಕಡಿಮೆ ಎಂದು ನಾನು ಹೊರಗೆ ಬಾಗಿಲಲ್ಲಿ ಅವರಿಗೆ ಹೇಳಿದ್ದೆ.

ದುಂಡವ್ವನವರ ಮಗ್ಗದ ಹತ್ತಿರ ನಿಂತೆ. ಅವರು ಆರು ಮಗ್ಗದಾಚೆಯ ಒಬ್ಬ ಹೆಂಗಸಿನ ಜೊತೆ ತುಟಿಯಲ್ಲೇ ಮಾತಾಡುತ್ತಿದ್ದರು. ಇಬ್ಬರೂ ನನ್ನ ಕಡೆ ನೋಡಿ ನಕ್ಕರು. ಊಟದ ಹೊತ್ತಿಗೆ ಅಂಗಳಕ್ಕೆ ಬಂದ ಮೇಲೆ ಏನು ನಗು ಎಂದು ಕೇಳಿದೆ.

"ಬಾಯಾರ ಸೀರಿ ಚಂದ ಐತಿ, ಮಾರಿ ಯಾಕೋ ಬಾಡೈತಿ ಅಂತ ಶಾಂತವ್ವ ಅಂದ್ಳು. ಗಂಡನ ಜೋಡಿ ಜಗಳ ಆಗಿರಬೇಕ ಬಿಡ ಅಂತ ನಾ ಅಂದ್ಯ."

"ಅಷ್ಟು ದೂರದಿಂದ, ಆ ಸದ್ದಿನಲ್ಲಿ?"

ದುಂಡವ್ವ ರೊಟ್ಟಿ ಮುರಿಯುತ್ತಾ ನನ್ನನ್ನು ಕನಿಕರದಿಂದ ನೋಡಿದರು. "ಶೆಡ್ಡಿನ್ಯಾಗ ಕಿವಿಲೆ ಯಾರ ಕೇಳ್ತಾರ್ರೀ? ಬಂದ ವರ್ಷದಾಗ ಎಲ್ಲಾರೂ ತುಟಿ ನೋಡಾಕ ಕಲೀತಾರ. ಇಲ್ಲಂದ್ರ ಬದುಕೂದು ಹೆಂಗ?"

ದಾನೇಶ್ವರಿ ಅವರ ಪಕ್ಕದಲ್ಲಿ ಕೂತು ಎಡಗೈಯಿಂದ ತಿನ್ನುತ್ತಿದ್ದಳು. ಕೆಲಸವಿಲ್ಲದಿದ್ದರೂ ಊಟದ ಹೊತ್ತಿಗೆ ಬರುತ್ತಾಳಂತೆ. ಅವಳ ರೊಟ್ಟಿಯನ್ನೂ ದುಂಡವ್ವನವರೇ ಮುರಿದು ಹಾಕುತ್ತಿದ್ದರು.

ಅಂದು ಸಂಜೆ ಅಡುಗೆಮನೆಯಲ್ಲಿ ಮಿಕ್ಸಿಗೆ ಚಟ್ನಿ ಹಾಕುತ್ತಾ ಇದನ್ನೆಲ್ಲ ಗಂಡನಿಗೆ ಹೇಳುತ್ತಿದ್ದೆ. ಹೇಳುತ್ತಿದ್ದೆ ಎನ್ನುವುದಕ್ಕಿಂತ ಕೂಗುತ್ತಿದ್ದೆ. ಪ್ರಾಣೇಶ ಬಂದು ಮಿಕ್ಸಿ ಆರಿಸಿದರು.

"ಇದೊಂದು ಗಿರ್ರ್ ಅನ್ನೂದರಾಗನ ನನಗ ನಿನ್ನ ಮಾತು ಕೇಳ್ಸವಲ್ದು. ಅಲ್ಲಿ ಅರವತ್ತು ಮಗ್ಗ ಅವ ಅಂತಿ. ಹಂಗಾದ್ರ ಆ ಜಾಬರಗ ಹ್ಯಾಂಗ ಕೇಳಸ್ತು?"

ಹನ್ನೆರಡು ವರ್ಷದ ಸಂಸಾರದಲ್ಲಿ ಮನುಷ್ಯ ಒಂದು ಸಲ ಕೇಳಿಸಿಕೊಂಡಿದ್ದರು. ನಾನು ಚಟ್ನಿಯನ್ನು ಹಾಗೇ ಬಿಟ್ಟು ಕಂಪ್ಯೂಟರಿನ ಮುಂದೆ ಕೂತೆ. ನಮ್ಮ ಸೂತ್ರದಲ್ಲಿ ಸುತ್ತಲಿನ ಸದ್ದಿಗೂ ಒಂದು ಜಾಗವಿದೆ. ಎಲ್ಲ ಕೇಂದ್ರಗಳಲ್ಲೂ ಅದು ನಿಶ್ಶಬ್ದ ಕೋಣೆ ಎಂದೇ ಇರುತ್ತದೆ, ಯಾರೂ ಅದನ್ನು ಮುಟ್ಟುವುದಿಲ್ಲ. ಅಲ್ಲಿ ತೊಂಬತ್ತೆಂಟು ಎಂದು ತುಂಬಿದೆ. ಲಕ್ಕಪ್ಪನ ಎಂಬತ್ತೆಂಟು ಸೊನ್ನೆಯಾಯಿತು. ಮಾಲೀಕರದೂ ಸೊನ್ನೆ. ನನ್ನ ತೊಂಬತ್ತೈದೂ ಸೊನ್ನೆ. ಎದ್ದು ಮನೆಯೊಳಗೆ ನಾಲ್ಕು ಸುತ್ತು ತಿರುಗಿದೆ.

ವಿಚಾರಣೆ ಮಂಗಳವಾರ, ನೇಕಾರರ ಸಮುದಾಯ ಭವನದಲ್ಲಿ. ಇಂಥ ವಿಚಾರಣೆಗೆ ವಕೀಲರಿಲ್ಲ. ಅಧಿಕಾರಿ ಮೇಸ್ತ ಎನ್ನುವವರು, ಹೊನ್ನಾವರದ ಕಡೆಯವರು, ಮೆಲುಮಾತಿನ ಮನುಷ್ಯ. ಅವರ ಮುಂದೆ ಒಂದು ಯಂತ್ರ. ಸಾಕ್ಷಿಯ ಹೆಸರು, ಅಂಕ, ಹೇಳಿಕೆ ಮೂರೂ ತುಂಬಿದರೆ ಮಾತ್ರ ಅದು ಆದೇಶವನ್ನು ಒಪ್ಪಿಕೊಳ್ಳುತ್ತದೆ. ಒಂದು ಕಡೆ ಕುಡಚಿಯವರು, ಅವರ ಎದುರು ಸಾಲಿನಲ್ಲಿ ಲಕ್ಕಪ್ಪ. ಇನ್ನೊಂದು ಕಡೆ ದಾನೇಶ್ವರಿ, ದುಂಡವ್ವ. ನಾನಿದ್ದದ್ದು ಅಂಕಗಳನ್ನು ದೃಢೀಕರಿಸಲು ಮಾತ್ರ.

"ಲಕ್ಕಪ್ಪ, ಎಂಬತ್ತೆಂಟು. ಸರಿಯೋ ಮೇಡಂ?" ಎಂದರು ಮೇಸ್ತ.

"ಸರಿ."

"ದುಂಡವ್ವ, ಮೂವತ್ತನಾಲ್ಕು. ಹಾಗಾದರೆ ಇವರ ಹೇಳಿಕೆ ತಗೊಳ್ಳಲಿಕ್ಕೆ ಆಗುವುದಿಲ್ಲ." ಅವರು ಹುಡುಗಿಯ ಕಡೆ ನೋಡಲಿಲ್ಲ.

ನಾನು ಎದ್ದು ನಿಂತೆ. "ಸರ್, ಆ ಅಂಕ ನಿಶ್ಶಬ್ದ ಕೋಣೆಯದು. ಘಟನೆ ನಡೆದದ್ದು ಶೆಡ್ಡಿನಲ್ಲಿ. ಅಲ್ಲಿನ ಸದ್ದು ತೊಂಬತ್ತೆಂಟು. ಅದೇ ಸೂತ್ರದ ಪ್ರಕಾರ ಅಲ್ಲಿ ಲಕ್ಕಪ್ಪನವರ ಅಂಕ ಸೊನ್ನೆ. ನನ್ನದೂ ಸೊನ್ನೆ, ನಿಮ್ಮದೂ ಸೊನ್ನೆ. ಲೆಕ್ಕ ಇಲ್ಲಿದೆ." ಕಾಗದವನ್ನು ಮೇಜಿನ ಮೇಲಿಟ್ಟೆ.

"ಅಂದರೆ?"

"ಅಂದರೆ ಲಕ್ಕಪ್ಪನವರು ಕಿವಿಯಾರೆ ಕೇಳಿದೆ ಅಂತ ಬರೆದುಕೊಟ್ಟದ್ದು ಆಗದ ಮಾತು. ಆ ಶೆಡ್ಡಿನಲ್ಲಿ ಯಾರ ಮಾತನ್ನೂ ಯಾರೂ ಕಿವಿಯಿಂದ ಕೇಳಲಾರರು."

ಲಕ್ಕಪ್ಪನಿಗೆ ಅವಮಾನವಾಯಿತು. ಮೂವತ್ತು ವರ್ಷದ ಜಾಬರ್, ಶೆಡ್ಡಿನಲ್ಲಿ ಅವನಿಗೆ ತಿಳಿಯದ ಮಾತಿಲ್ಲ ಎಂದು ಹೆಸರು ಮಾಡಿದವನು. "ಯಾಕ ತಿಳಿಯಂಗಿಲ್ರೀ?" ಎಂದು ಎದ್ದು ನಿಂತ. "ಮಾಲಕರು ತುಟಿ ಅಲ್ಲಾಡಿಸಿದ್ರ ಸಾಕು, ಆ ಮೂಲ್ಯಾಗ ನಿಂತ್ರೂ ನನಗ ತಿಳೀತೈತಿ. ಕಿವಿ ಯಾರಿಗೆ ಬೇಕ್ರೀ ಅಲ್ಲಿ? ಕಣ್ಣಿಲೆ ನೋಡತೀವಿ!"

"ಎಲ್ಲರೂ ಹಾಗೇ ನೋಡುತ್ತಾರೋ?" ಮೇಸ್ತರು ಕೇಳಿದರು.

"ಎಲ್ಲಾರೂ ರೀ. ಇಲ್ಲಂದ್ರ ಕೆಲಸ ನಡೀತೈತೇನು..." ಎಂದವನು ಅಲ್ಲಿಗೇ ನಿಂತ. ತಾನು ಏನು ಹೇಳಿದೆ ಎಂದು ಅವನಿಗೆ ಆಗ ತಿಳಿಯಿತು.

"ಹಾಗಿದ್ದರೆ ಆ ದಿನ ಮಾಲೀಕರ ಮುಖ ನಿಮಗೆ ಕಾಣುತ್ತಿತ್ತೋ? ಎಲ್ಲಿ ನಿಂತಿದ್ದಿರಿ ನೀವು?"

ಲಕ್ಕಪ್ಪ ಮಾಲೀಕರ ಕಡೆ ನೋಡಿದ. ಭವನದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ನನಗೆ ಕೇಳಿಸಿದ್ದೂ ಅಷ್ಟೇ.

ದುಂಡವ್ವ ತಟ್ಟನೆ ಎದ್ದರು. "ನೀ ಯಾಕ ಅವರ ಮಾರಿ ನೋಡ್ತೀ ಲಕ್ಕಪ್ಪ? 'ಎದರಿಗೆ ನಿಂತಿದ್ಯ ಅನ್ನು' ಅಂದ್ರ ಅನ್ನಾಂವೇನು ನೀ? ಅವತ್ತ ನೀ ಮಾಲಕರ ಹಿಂದ ನೂಲಿನ ಬೀಮ್ ಹಿಡಕೊಂಡ ನಿಂತಿದ್ದಿ. ಅವರ ತುಟಿ ನಿನಗೆಲ್ಲಿ ಕಂಡಾವು?"

ಮೇಸ್ತರು ಬೆಚ್ಚಿದರು. "ಯಾರು ಅಂದರು ಹಾಗೆ? ಯಾವಾಗ?"

"ಈಗ ಅಂದ್ರಲ್ರೀ ಮಾಲಕರು. ನಿಮಗ ಕಾಣಲಿಲ್ಲೇನು?"

ಎಲ್ಲರೂ ಕುಡಚಿಯವರ ಕಡೆ ತಿರುಗಿದೆವು. ಅವರ ಕೈ ಬಾಯಿಯ ಮೇಲೆ ಹೋಗಿತ್ತು. ಐವತ್ತು ವರ್ಷದ ಅಭ್ಯಾಸ, ಯೋಚಿಸಿ ಮಾಡಿದ್ದಲ್ಲ. ಗುಟ್ಟಿನ ಮಾತನ್ನು ಮಗ್ಗದ ಮನುಷ್ಯ ದನಿಯಿಲ್ಲದೆ ಆಡುತ್ತಾನೆ. ಹೊರಗಿನವರಾದ ನಮ್ಮಿಬ್ಬರಿಂದ ಅದು ಮುಚ್ಚಿಹೋಗುತ್ತಿತ್ತು ಕೂಡ. ಎದುರಿಗಿರುವ ಮುದುಕಿ ಮೂವತ್ತನಾಲ್ಕು ಅಂಕದವಳು ಎಂದು ಬೆಳಗಿನಿಂದ ನಾವೆಲ್ಲ ಹೇಳಿ ಹೇಳಿ ಅವರಿಗೂ ನಂಬಿಸಿದ್ದೆವು.

"ಲಕ್ಕಪ್ಪ," ಎಂದರು ಮೇಸ್ತ, "ಹಾಗೆ ಅಂದರೋ?"

ಲಕ್ಕಪ್ಪ ದಾನೇಶ್ವರಿಯ ಓಢಣಿ ಸುತ್ತಿದ ಕೈ ನೋಡಿದ. "ಅಂದ್ರು ರೀ," ಎಂದ. "ನಾ ಹಿಂದ ನಿಂತಿದ್ಯ. ನನಗ ಏನೂ ಕಂಡಿಲ್ಲ. ಬರದಕೊಡು ಅಂದ್ರು, ಬರದಕೊಟ್ಟೆ." ಹೇಳಿ ಕೂತುಬಿಟ್ಟ.

ಮೇಸ್ತರು ಲಕ್ಕಪ್ಪನ ಹೇಳಿಕೆಯನ್ನು ಹೊಡೆದುಹಾಕಿದರು. ದುಂಡವ್ವ ನೋಡಿದ್ದನ್ನು ಬರೆದುಕೊಂಡು ಯಂತ್ರಕ್ಕೆ ತುಂಬಿದರು. ಯಂತ್ರ ಒಪ್ಪಲಿಲ್ಲ. ಸಾಕ್ಷಿಯ ಅಂಕ ಅರವತ್ತಕ್ಕಿಂತ ಕಡಿಮೆ ಎಂದು ಕೆಂಪು ಗೆರೆ ಬಂತು. ಮತ್ತೆ ತುಂಬಿದರು, ಮತ್ತೆ ಕೆಂಪು.

"ನನಗೆ ಪೂರಾ ನಂಬಿಕೆ ಇದೆ ಮೇಡಂ," ಎಂದರು ಅಸಹಾಯಕರಾಗಿ. "ಇದಕ್ಕೆ ಇಲ್ಲವಲ್ಲ. ಮೇಲಿನವರಿಗೆ ಬರೆಯಬೇಕು. ತಿಂಗಳು ಹಿಡಿದೀತು."

ದಾನೇಶ್ವರಿಗೆ ಉಳಿದಿದ್ದದ್ದು ಹದಿಮೂರು ದಿನ.

ಇಷ್ಟು ದಿನ ನಾನು ತಪ್ಪಿಸಿಕೊಂಡು ತಿರುಗಿದ್ದು ಈ ಘಳಿಗೆಯಿಂದಲೇ. ಈಗ ತಿರುಗಲು ಜಾಗವಿರಲಿಲ್ಲ. "ನೇರ ಪರೀಕ್ಷೆ ಮಾಡ್ತೀನಿ, ಅರ್ಧ ಗಂಟೆ ಕೊಡಿ," ಎಂದೆ.

"ಅದಕ್ಕೆ ಸುತ್ತೋಲೆ ಇದೆಯಲ್ಲ?"

"ಇದೆ. ನನ್ನ ವರದಿಯಿಂದಲೇ ಬಂದದ್ದು. ಆ ವರದಿ ತಪ್ಪು ಸರ್."

ಹೇಳಿಬಿಟ್ಟ ಮೇಲೆ ಅಷ್ಟೇನೂ ಕಷ್ಟವಾಗಲಿಲ್ಲ. ದುಂಡವ್ವನವರನ್ನು ಎದುರಿಗೆ ಕೂರಿಸಿಕೊಂಡೆ, ಮೂರಡಿ ದೂರ. ಹತ್ತು ವಾಕ್ಯ, ಐವತ್ತು ಮಾತು. ನನಗೆ ಅವು ಇನ್ನೂ ಬಾಯಿಪಾಠವಿದ್ದವು. ಬಾಯಿಯನ್ನು ಬೇಕೆಂದು ದೊಡ್ಡದು ಮಾಡದೆ, ಮನೆಯಲ್ಲಿ ಮಾತಾಡುವ ದನಿಯಲ್ಲಿ ಶುರುಮಾಡಿದೆ.

"ಬೆಳಿಗ್ಗೆ ಕಾಯಿಸಿದ ಹಾಲು ಪೂರ್ತಿ ಒಡೆದುಹೋಯಿತು."

"ಮುಂಜಾನೆ ಕಾಸಿದ ಹಾಲ ಎಲ್ಲಾ ಒಡದಾವ," ಎಂದರು ದುಂಡವ್ವ.

ಹೇಳಿದ ಮಾತೇ ಮರಳಿ ಬರಬೇಕೆಂಬ ನಿಯಮದ ಪ್ರಕಾರ ಇದರಲ್ಲಿ ಸರಿಯಾದದ್ದು ಹಾಲು ಒಂದೇ. ನಾನು ಐದಕ್ಕೆ ಐದೂ ಸರಿ ಎಂದು ಗುರುತು ಹಾಕಿದೆ. ಮೇಸ್ತರು ನೋಡಿದರು, ತಡೆಯಲಿಲ್ಲ. ಪ, ಬ, ಮ ತುಟಿಯ ಮೇಲೆ ಒಂದೇ ಥರ ಕಾಣುವುದರಿಂದ ಎರಡು ಕಡೆ ತಪ್ಪಿದರು. ಒಂದು ವಾಕ್ಯದಲ್ಲಿ ನಾನು ತಲೆ ಬಗ್ಗಿಸಿದ್ದಕ್ಕೆ "ಮಾರಿ ಮ್ಯಾಲೆತ್ರಿ ಬಾಯಾರ" ಎಂದು ಗದರಿದರು. ಆ ವಾಕ್ಯದಲ್ಲಿ ನಾಲ್ಕು ಮಾತು ಹೋಯಿತು. ಕೊನೆಗೆ ಐವತ್ತಕ್ಕೆ ನಲವತ್ತನಾಲ್ಕು. ಅಂಕ ಎಂಬತ್ತೆಂಟು.

ಅಂಕಣದಲ್ಲಿ ಬರೆದೆ. ವಿಧಾನ, ನೇರ ಪರೀಕ್ಷೆ. ಪರೀಕ್ಷಿಸಿದವರು, ಇಂದುಮತಿ. ಹೆಬ್ಬೆರಳನ್ನು ಯಂತ್ರದ ಗಾಜಿನ ಮೇಲೆ ಒತ್ತಿದೆ. ಕೆಂಪು ಗೆರೆ ಹೋಯಿತು.

ಮೂರನೆಯ ದಿನ ನನ್ನ ಅಮಾನತಿನ ಪತ್ರ ಬಂತು. ಅದರಲ್ಲಿ ನನ್ನದೇ ವರದಿಯ ವಾಕ್ಯವನ್ನು ಉದ್ಧರಿಸಿದ್ದರು. ಓದಿ ಅತ್ತುಬಿಟ್ಟೆ, ಸುಳ್ಳು ಹೇಳುವುದಿಲ್ಲ. ಪ್ರಾಣೇಶ ನಕ್ಷೆ ಬದಿಗಿಟ್ಟು ಪಕ್ಕದಲ್ಲಿ ಬಂದು ಕೂತರು. ಬನಹಟ್ಟಿಯ ನೇಕಾರರ ಮರುಪರೀಕ್ಷೆಗೆ ನಾನು ಹಾಕಿದ ಅರ್ಜಿ ಇನ್ನೂ ಮಂಡಳಿಯಲ್ಲೇ ಇದೆ. ನಾನೂ ದಿನಾ ಫೋನು ಮಾಡುವುದನ್ನು ಬಿಟ್ಟಿಲ್ಲ.

ಕೆಲಸವಿಲ್ಲದವಳಿಗೆ ಬಿಡುವಿಗೇನು ಕೊರತೆ. ಹುಡುಗಿಗೆ ಪೆಟ್ಟಾದ ಎಂಬತ್ತೈದನೆಯ ದಿನ ಹುಬ್ಬಳ್ಳಿಯ ಆಸ್ಪತ್ರೆಗೆ ಹೋದೆ. ಹಿಂದಿನ ದಿನ ಕೈ ಕೂಡಿಸಿದ್ದರು. ದಾನೇಶ್ವರಿ ದಿಂಬಿಗೆ ಒರಗಿದ್ದಳು, ಬೂದುಬಣ್ಣದ ಹೊಸ ಕೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು. ದುಂಡವ್ವ ಬಲಗಡೆ ಸ್ಟೂಲಿನ ಮೇಲೆ ಕೂತು ಕಿಟಕಿಯ ಹೊರಗೆ ನೋಡುತ್ತಿದ್ದರು. ಎರಡು ದಿನದಿಂದ ಜಾಗ ಬಿಟ್ಟು ಕದಲಿಲ್ಲವಂತೆ. ವೈದ್ಯೆ ಒಂದು ರಬ್ಬರಿನ ಚೆಂಡು ಇಟ್ಟು, ಇದನ್ನು ಹಿಡಿಯಲು ನೋಡು, ಅವಸರ ಬೇಡ, ಮೊದಲ ದಿನ ಯಾರಿಗೂ ಆಗುವುದಿಲ್ಲ ಎಂದರು.

ದಾನೇಶ್ವರಿ ಚೆಂಡಿನ ಕಡೆ ನೋಡಲೂ ಇಲ್ಲ. ಕೈ ಎತ್ತಿದಳು. ಅದು ನಡುಗಿತು, ಅರ್ಧಕ್ಕೆ ಬಿತ್ತು, ಮತ್ತೆ ಎದ್ದಿತು. ಹಣೆಯ ಮೇಲೆಲ್ಲ ಬೆವರು. ಬೆರಳುಗಳು ಒಂದೊಂದಾಗಿ ತೆರೆದುಕೊಂಡು ದುಂಡವ್ವನವರ ಗದ್ದ ಮುಟ್ಟಿದವು, ಹಿಡಿದುಕೊಂಡವು, ಮೆಲ್ಲಗೆ ಆ ಮುಖವನ್ನು ಕಿಟಕಿಯಿಂದ ತನ್ನ ಕಡೆಗೆ ತಿರುಗಿಸಿಕೊಂಡವು. ತನ್ನ ತುಟಿ ಅವರಿಗೆ ಕಾಣುವಂತಾದ ಮೇಲೆ ಮಾತಾಡಿದಳು.

"ಮುಂಜಾನಿಂದ ಏನೂ ತಿಂದಿಲ್ಲ ನೀ. ಹೋಗಿ ಚಾ ಕುಡದ ಬಾ ದೊಡ್ಡವ್ವ."

ದುಂಡವ್ವ ಏಳಲಿಲ್ಲ. ಗದ್ದ ಹಿಡಿದ ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತರು.